ಏರು ಹತ್ತಿದ್ದು ಯಾರು

ಕುಮುದಿನಿ ಪಿಕಪ್ ಓಡಿಸಲು ಕಲಿತಾಗ ಅವಳಿಗೆ ಮೂವತ್ತೊಂಬತ್ತು ವರ್ಷ. ಆಸೆಪಟ್ಟು ಕಲಿತದ್ದಲ್ಲ. ಕಾಣಿಯೂರಿನಲ್ಲಿ ಅವಳು ಮತ್ತು ಗಂಡ ಕುಶಾಲಪ್ಪ ಶಾಮಿಯಾನ, ಕುರ್ಚಿ, ಅಡುಗೆಯ ದೊಡ್ಡ ಪಾತ್ರೆಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಹೊಸ ಪಿಕಪ್ ತೆಗೆದುಕೊಂಡು ಎರಡು ತಿಂಗಳಾಗುವಷ್ಟರಲ್ಲಿ ಡ್ರೈವರ್ ಸುಂದರ ಸ್ವಂತ ರಿಕ್ಷಾ ಮಾಡಿಕೊಂಡು ಹೊರಟುಹೋದ. ಕುಶಾಲಪ್ಪ ಒಮ್ಮೆ ಏಣಿಯಿಂದ ಬಿದ್ದು ಎಡಮಂಡಿಗೆ ಪೆಟ್ಟು ಮಾಡಿಕೊಂಡವನು. ಖಾಲಿ ಗಾಡಿಯಾದರೆ ಪುತ್ತೂರಿನವರೆಗೆ ಓಡಿಸಿಯಾನು, ಲೋಡ್ ಹಾಕಿಕೊಂಡು ದಿನವಿಡೀ ಕ್ಲಚ್ ಒತ್ತಲು ಅವನಿಂದ ಆಗದು. ದಿನಗೂಲಿಯ ಡ್ರೈವರುಗಳು ಸರಿಯಾಗಿ ಮದುವೆಯ ದಿನವೇ ಕೈಕೊಡುತ್ತಿದ್ದರು. ಕೊನೆಗೆ ಕುಮುದಿನಿಯೇ ಲೈಸೆನ್ಸ್ ಮಾಡಿಸಿಕೊಂಡಳು.

ಸಮದಾರಿಯಲ್ಲಿ ಅವಳಿಗೆ ಏನೂ ತೊಂದರೆ ಇರಲಿಲ್ಲ. ಏರು ಕಂಡರೆ ಮಾತ್ರ ಹೆದರುತ್ತಿದ್ದಳು. ಆ ಕಡೆಯ ಮನೆಗಳೋ, ಅರ್ಧಕ್ಕರ್ಧ ಗುಡ್ಡೆಯ ಮೇಲೆ. ಕುರ್ಚಿ, ಕಬ್ಬಿಣದ ಕಂಬ, ಕೊಪ್ಪರಿಗೆ ಎಲ್ಲ ತುಂಬಿದ ಪಿಕಪ್ ಏರಿನ ಮಧ್ಯಕ್ಕೆ ಬಂದು ಉಸಿರು ಕಟ್ಟಿದಂತಾಗಿ ನಿಂತುಬಿಡುತ್ತಿತ್ತು. ಕೆಲಸದವರು ಹಾರಿ ಇಳಿದು ಟಯರಿನ ಹಿಂದೆ ಕಲ್ಲು ಇಡಬೇಕು. ಎಣ್ಮೂರಿನ ಹತ್ತಿರದ ಒಂದು ಮನೆಗೆ ಹೋಗುವಾಗ ಮೂರು ಸಲ ಹಾಗೆ ನಿಂತಿತು. ಅಂಗಳದಲ್ಲಿ ನಿಂತಿದ್ದ ಗಂಡಸರಲ್ಲಿ ಒಬ್ಬ, "ಸುಂದರನನ್ನೇ ಕರೀಬಹುದಿತ್ತಲ್ಲ ಮಾರಾಯ್ರೆ" ಎಂದ. ಆ ದಿನ ಕುಮುದಿನಿ ಮನೆಗೆ ಬಂದು ಊಟ ಮಾಡಲಿಲ್ಲ. "ನಂಗೆ ಆಗುದಿಲ್ಲ. ಡ್ರೈವರನ್ನು ಹುಡುಕಿ" ಎಂದು ಗಂಡನಿಗೆ ಹೇಳಿ ಕೀಲಿಯನ್ನು ಮೇಜಿನ ಮೇಲೆ ಎಸೆದಳು.

ಡ್ರೈವರ್ ಸಿಗಲಿಲ್ಲ. ಒಂದು ವಾರದ ಮೇಲೆ ಅವಳೇ ಮತ್ತೆ ಕೀಲಿ ಎತ್ತಿಕೊಂಡಳು. ಅದು ಡಿಸೆಂಬರ್ ಮೊದಲ ವಾರ. ಆಶ್ಚರ್ಯವೆಂದರೆ, ಆ ದಿನ ಪಂಜದ ಕಡೆಯ ಒಂದು ಕಡಿದಾದ ಏರನ್ನು ಗಾಡಿ ಒಂದೇ ಉಸಿರಿಗೆ ಹತ್ತಿಬಿಟ್ಟಿತು. ಅವಳು ನಂಬಲಿಲ್ಲ. ಮಾರನೆಯ ದಿನ ಇನ್ನೊಂದು ಕಡೆಯೂ ಹಾಗೆಯೇ ಆಯಿತು. ಗೇರನ್ನು ಮೊದಲೇ ಇಳಿಸಬೇಕು, ಇಂಜಿನ್ನಿನ ಸದ್ದಿಗೆ ಕಿವಿಕೊಡಬೇಕು, ಹೆದರಿ ಕಾಲು ಎತ್ತಬಾರದು. ಇಷ್ಟು ದಿನ ಕಷ್ಟಪಟ್ಟು ಕಲಿತದ್ದೆಲ್ಲ ಈಗ ಕೈಗೆ ಹತ್ತಿತು ಎಂದುಕೊಂಡಳು. ಜನವರಿಯಲ್ಲಿ ಅದೇ ಎಣ್ಮೂರಿನ ಮನೆಗೆ ಸೀಮಂತಕ್ಕೆ ಕುರ್ಚಿ ಒಯ್ದಳು. ಎಲ್ಲೂ ನಿಲ್ಲದೆ ಅಂಗಳಕ್ಕೇ ತಂದು ನಿಲ್ಲಿಸಿದಳು. ಮನೆಯ ಸೊಸೆ ವಸುಮತಿ ಹತ್ತಿರ ಬಂದು, "ನಂಗೂ ಕಾರು ಕಲೀಬೇಕು ಅಂತ ಉಂಟು ಅಕ್ಕ. ಏರಿನಲ್ಲಿ ಎಂತ ಮಾಡುದು ನೀವು?" ಎಂದು ಕೇಳಿದಳು. ಕುಮುದಿನಿ ಸುಮಾರು ಹೊತ್ತು ನಿಂತು ವಿವರಿಸಿದಳು. ಹಗ್ಗ ಬಿಚ್ಚುತ್ತಿದ್ದ ಕುಶಾಲಪ್ಪ ತಲೆ ಎತ್ತದೆ ಹಗ್ಗವನ್ನೇ ಬಿಚ್ಚುತ್ತಿದ್ದ.

ಮಾರ್ಚ್ ಕೊನೆಯಲ್ಲಿ ಒಂದು ಬೆಳಿಗ್ಗೆ ಗಂಡಹೆಂಡತಿ ಒಂದು ನಿಶ್ಚಿತಾರ್ಥಕ್ಕೆ ಲೋಡ್ ತೆಗೆದುಕೊಂಡು ಸುಳ್ಯದ ಕಡೆ ಹೊರಟಿದ್ದರು. ದಾರಿಯ ಬೆಳ್ಳಾರೆ ಪೇಟೆ ಇನ್ನೂ ಬಂದಿರಲಿಲ್ಲ. ಇಂಜಿನ್ನಿನಿಂದ ಶಿಳ್ಳೆಯಂಥ ಸದ್ದು ಶುರುವಾಯಿತು. ಅದು ಏರುತ್ತ ಹೋಗಿ ಒಮ್ಮೆಲೇ ನಿಂತಿತು. ಹಿಂದೆ ನೀಲಿ ಹೊಗೆ ತುಂಬಿತು. ಎಷ್ಟು ಒತ್ತಿದರೂ ಗಾಡಿ ನಡೆಯುವ ಮನುಷ್ಯನಿಗಿಂತ ವೇಗವಾಗಿ ಹೋಗಲಿಲ್ಲ.

ಕುಶಾಲಪ್ಪ ಫೋನ್ ಮಾಡಿ ಬೇರೊಂದು ಪಿಕಪ್ ತರಿಸಿದ. ಲೋಡ್ ಅದಕ್ಕೆ ದಾಟಿಸಿದ ಮೇಲೆ, "ನೀನು ಕುರ್ಚಿಯೊಟ್ಟಿಗೆ ಹೋಗು. ಶೋರೂಮಿನ ಗಾಡಿ ಬರುವವರೆಗೆ ನಾನು ಇಲ್ಲೇ ಇರ್ತೇನೆ" ಎಂದ. ಅವಳಿಗೂ ಅದೇ ಸರಿ ಕಂಡಿತು.

ಮಾರನೆಯ ದಿನ ಇಬ್ಬರೂ ಪುತ್ತೂರಿನ ಶೋರೂಮಿಗೆ ಹೋದರು. ವಾರಂಟಿಯ ಕೆಲಸ ನೋಡಿಕೊಳ್ಳುತ್ತಿದ್ದವಳು ದೀಕ್ಷಿತಾ, ಇಪ್ಪತ್ತಾರು ಇಪ್ಪತ್ತೇಳರ ಹುಡುಗಿ, ಸುಳ್ಯದವಳು. ಟರ್ಬೊ ಹೋಗಿದೆ ಎಂದಳು. ಇಂಜಿನ್ನಿಗೆ ಗಾಳಿ ತುಂಬಿ ಬಲ ಕೊಡುವ ಭಾಗ ಅದು. ವಾರಂಟಿ ಇನ್ನೂ ಒಂದೂವರೆ ವರ್ಷ ಇರುವುದರಿಂದ ಕಂಪನಿಯೇ ಹೊಸದು ಹಾಕಿಕೊಡುತ್ತದೆ.

"ಒಂದು ಕೇಳ್ಲಿಕ್ಕುಂಟು ಮೇಡಂ" ಎಂದಳು. "ಗಾಡಿಗೆ ಹೊರಗೆ ಎಲ್ಲಾದ್ರೂ ಎಂತಾದ್ರೂ ಮಾಡ್ಸಿದ್ದೀರಾ? ಪವರ್ ಹೆಚ್ಚು ಮಾಡ್ಲಿಕ್ಕೆ ಬಾಕ್ಸ್ ಹಾಕುದು, ಹಾಗೆಂತದಾದ್ರೂ?"

"ದೇವರ ಫೋಟೊ ಒಂದು ಹಾಕಿದ್ದೇನೆ. ಮತ್ತೆ ಎಂತದೂ ಇಲ್ಲ" ಎಂದಳು ಕುಮುದಿನಿ.

"ಖಂಡಿತವಾ?"

"ಖಂಡಿತ. ಓಡಿಸುದು ನಾನೇ ಅಲ್ವಾ, ನಂಗೆ ಗೊತ್ತಿಲ್ಲದೆ ಎಂತ ಆಗ್ತದೆ?"

ದೀಕ್ಷಿತಾ ಕಾಗದ ಮುಂದಿಟ್ಟಳು. ಗಾಡಿಯಲ್ಲಿ ಯಾವ ಬದಲಾವಣೆಯನ್ನೂ ಮಾಡಿಲ್ಲ ಎಂಬ ಸಾಲಿನ ಕೆಳಗೆ ಕುಮುದಿನಿ ಸಹಿ ಹಾಕಿದಳು. ಚಾ ಕುಡಿದು ಬರುತ್ತೇನೆಂದು ಆಗಲೇ ಎದ್ದುಹೋಗಿದ್ದ ಕುಶಾಲಪ್ಪ, ಅವಳು ಹೊರಗೆ ಬರುವವರೆಗೂ ರಸ್ತೆಯ ಆಚೆ ಬದಿಯಲ್ಲೇ ನಿಂತಿದ್ದ.

ಹತ್ತು ದಿನದಲ್ಲಿ ಗಾಡಿ ಕೈಗೆ ಬಂತು. ಮೊದಲ ಲೋಡಿಗೇ ಕುಮುದಿನಿಗೆ ಗೊತ್ತಾಯಿತು. ಪಿಕಪ್ ಏರು ಹತ್ತುತ್ತಿಲ್ಲ. ಮಧ್ಯದಲ್ಲಿ ಬಂದು ಮೊದಲಿನ ಹಾಗೆಯೇ ನಿಂತುಬಿಟ್ಟಿತು. ಗೇರನ್ನು ಇನ್ನೂ ಬೇಗ ಇಳಿಸಿ ನೋಡಿದಳು, ತಡವಾಗಿ ಇಳಿಸಿ ನೋಡಿದಳು. ಕೆಲಸದವರು ಮತ್ತೆ ಕಲ್ಲು ಹುಡುಕಿಕೊಂಡು ಓಡಿದರು. ನಾಲ್ಕು ತಿಂಗಳು ತನ್ನದಾಗಿದ್ದ ವಿದ್ಯೆ ಹತ್ತು ದಿನ ಗಾಡಿ ಮುಟ್ಟದಿದ್ದುದಕ್ಕೆ ಮರೆತುಹೋಗುತ್ತದೆಯೇ? ಅಥವಾ ಶೋರೂಮಿನವರು ಏನಾದರೂ ಹಾಳುಮಾಡಿಟ್ಟರೇ?

"ಅವರು ಸರಿ ಕೆಲಸ ಮಾಡ್ಲಿಲ್ಲ. ನಾನು ಹೋಗಿ ಕೇಳ್ತೇನೆ" ಎಂದಳು ಗಂಡನಿಗೆ.

"ಹೊಸ ಪಾರ್ಟ್ ಅಲ್ವಾ, ಸ್ವಲ್ಪ ದಿನ ಹಾಗೇ ಇರ್ತದೆ. ಸುಮ್ಮನೆ ಹೋಗಿ ಗಲಾಟೆ ಮಾಡುದು ಬೇಡ" ಎಂದ ಅವನು. ಅವಳು ಕೇಳಲಿಲ್ಲ. ಸೋಮವಾರ ಒಬ್ಬಳೇ ಗಾಡಿ ತೆಗೆದುಕೊಂಡು ಪುತ್ತೂರಿಗೆ ಹೋದಳು.

ಶೋರೂಮಿನಲ್ಲಿ ಕಂಪ್ಯೂಟರ್ ಸಿಕ್ಕಿಸಿ ನೋಡಿದರು. ಎಲ್ಲ ಸರಿ ಇತ್ತು. ಮೆಕ್ಯಾನಿಕ್ ಒಂದು ಸುತ್ತು ಓಡಿಸಿ ಬಂದು ಏನೂ ತೊಂದರೆ ಇಲ್ಲ ಎಂದ. ಕುಮುದಿನಿ ಬಿಡಲಿಲ್ಲ. ಆಗ ದೀಕ್ಷಿತಾಳೇ ಪಕ್ಕದಲ್ಲಿ ಕುಳಿತು ಅವಳೊಂದಿಗೆ ಒಂದು ಏರು ಹತ್ತಿ ಇಳಿದು ಬಂದಳು.

"ಅಕ್ಕ" ಎಂದಳು ಹುಡುಗಿ. ಈ ಸಲ ಮೇಡಂ ಅನ್ನಲಿಲ್ಲ. "ಈ ಗಾಡಿ ಹೊಸದು ಕೊಡುವಾಗ ಹೇಗಿತ್ತೋ ಈಗಲೂ ಹಾಗೇ ಉಂಟು. ಇದರ ಶಕ್ತಿ ಇಷ್ಟೇ."

"ಹಾಗಾದ್ರೆ ನಡುವೆ ನಾಲ್ಕು ತಿಂಗಳು ಹೇಗೆ ಹತ್ತಿತು?"

ದೀಕ್ಷಿತಾ ಅವಳ ಮುಖ ನೋಡಿದಳು. "ಆ ನಾಲ್ಕು ತಿಂಗಳಲ್ಲಿ ಬೇರೆ ಯಾರಾದ್ರೂ ಗಾಡಿಗೆ ಕೈ ಹಾಕಿದ್ರಾ ಅಕ್ಕ?"

"ನೀನು ಎಂತ, ನನ್ನನ್ನು ಸುಳ್ಳಿ ಮಾಡ್ತಿದ್ದೀಯಾ?" ಎಂದು ಕುಮುದಿನಿ ಕೂಗಿದಳು. ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ಗಾಡಿ ಹತ್ತಿ ಹೊರಟಳು. ಮನೆಯ ದಾರಿ ಹಿಡಿಯಲಿಲ್ಲ. ಕಬಕದಲ್ಲಿ ಆಶಿಕ್ ಎಂಬ ಮೆಕ್ಯಾನಿಕ್ ಇದ್ದಾನೆ, ಕೈ ಚಿನ್ನದಂಥದ್ದು ಎಂದು ಕುಶಾಲಪ್ಪ ಯಾವಾಗಲೂ ಹೊಗಳುತ್ತಿದ್ದ. ಶೋರೂಮಿನವರ ತಪ್ಪು ಏನೆಂದು ಅವನಿಂದಲೇ ಹೇಳಿಸಬೇಕು.

ಆಶಿಕ್ ಗಾಡಿ ಕಂಡ ಕೂಡಲೇ ಕೈ ಒರೆಸಿಕೊಂಡು ಬಂದ. "ಕುಶಾಲಣ್ಣ ಬರ್ಲಿಲ್ವಾ ಅಕ್ಕ?" ಎಂದು ಕೇಳಿ, ಅವಳ ದೂರನ್ನೆಲ್ಲ ಕೇಳಿಸಿಕೊಂಡ. ಬಾನೆಟ್ ಎತ್ತಿ ಒಂದು ನಿಮಿಷ ಬಗ್ಗಿ ನೋಡಿ ನಕ್ಕ.

"ಬಾಕ್ಸ್ ಇಲ್ಲ ಅಲ್ವಾ ಅಕ್ಕ. ಅದು ತೆಗೆದ್ರೆ ಹಾಗೇ ಆಗುದು. ಅಣ್ಣನಿಗೆ ತರ್ಲಿಕ್ಕೆ ಹೇಳಿ, ಹತ್ತು ನಿಮಿಷದ ಕೆಲಸ."

"ಯಾವ ಬಾಕ್ಸ್?"

ಆಶಿಕ್‌ನ ನಗು ಹಾಗೆಯೇ ನಿಂತಿತು. ಸಂಕೋಚದಿಂದಲೇ ಹೇಳಿದ. ಡಿಸೆಂಬರಿನಲ್ಲಿ ಕುಶಾಲಣ್ಣ ಗಾಡಿ ತಂದಿದ್ದರು. ಡೀಸೆಲ್ಲಿನ ಒತ್ತಡ ಅಳೆಯುವ ಸೆನ್ಸರಿಗೂ ಅದರ ವಯರಿಗೂ ನಡುವೆ ಒಂದು ಕಪ್ಪು ಬಾಕ್ಸ್ ಸಿಕ್ಕಿಸಿದರೆ ಇಂಜಿನ್ನಿಗೆ ಡೀಸೆಲ್ ಹೆಚ್ಚು ಹೋಗುತ್ತದೆ, ಎಳೆಯುವ ಬಲ ಹೆಚ್ಚುತ್ತದೆ. ಅದನ್ನೇ ಆಶಿಕ್ ಹಾಕಿಕೊಟ್ಟಿದ್ದ.

"ಟರ್ಬೊ ಅದರಿಂದ ಹೋದದ್ದಾ?" ಎಂದು ಕೇಳಿದಳು.

"ಛೇ, ನಾನು ಬಾಕ್ಸಿನ ಪವರ್ ತುಂಬ ಕಡಿಮೆಯಲ್ಲಿ ಇಟ್ಟಿದ್ದೆ. ಅದರಿಂದ ಹೋಗ್ಲಿಕ್ಕಿಲ್ಲ" ಎಂದ. ಮತ್ತೆ ತಡೆದು, "ಹೋಗ್ಲಿಕ್ಕೇ ಇಲ್ಲ ಅಂತ ನಾನು ಹೇಗೆ ಹೇಳುದು ಅಕ್ಕ" ಎಂದ.

ಮನೆಗೆ ಬಂದಾಗ ಕುಶಾಲಪ್ಪ ಅಂಗಳದಲ್ಲಿ ಟಾರ್ಪಲ್ ಮಡಚುತ್ತಿದ್ದ. ಅವಳು ಇಳಿದ ರೀತಿಯಲ್ಲೇ ಅವನಿಗೆ ಗೊತ್ತಾಗಿರಬೇಕು. ಮಡಚುವುದನ್ನು ಬಿಟ್ಟು ನೇರ ನಿಂತ.

"ಆಶಿಕ್ ಹೇಳಿದ" ಎಂದಳು ಅವಳು.

ಕುಶಾಲಪ್ಪ ಒಳಗೆ ಹೋಗಿ ಒಂದು ಬಟ್ಟೆಯ ಚೀಲ ತಂದು ಜಗಲಿಯ ಮೇಲಿಟ್ಟ. ಒಳಗೆ ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಾದ ಕಪ್ಪು ಬಾಕ್ಸ್, ಅದಕ್ಕೆ ಎರಡು ವಯರು. ಬೆಳ್ಳಾರೆಯ ದಾರಿಯಲ್ಲಿ ಅವಳನ್ನು ಕುರ್ಚಿಯೊಟ್ಟಿಗೆ ಕಳಿಸಿದ ಮೇಲೆ ಕಿತ್ತು ತೆಗೆದದ್ದು.

"ನೀನು ಕೀಲಿ ಎಸೆದೆಯಲ್ಲ, ಆವತ್ತು ಯೋಚನೆ ಮಾಡಿದ್ದು" ಎಂದ. "ಒಂದು ಸಲ ಹತ್ತಿದ್ರೆ ನಿಂಗೆ ಧೈರ್ಯ ಬರ್ತದೆ, ಮತ್ತೆ ಹೇಳುವ ಅಂತ. ಆದ್ರೆ ನೀನು ಬಂದು, ಕೈ ಕೂತಿತು ಅಂತ ಅಷ್ಟು ಖುಷಿಯಲ್ಲಿ ಹೇಳಿದೆ. ಆಗ ಹೇಗೆ ಹೇಳುದು? ಒಂದು ವಾರ ಬಿಟ್ಟು ಹೇಳುವ ಅಂದುಕೊಂಡೆ. ಮತ್ತೆ ಆಗ್ಲೇ ಇಲ್ಲ."

"ಹಾಗಾದ್ರೆ ಅಷ್ಟು ಏರು ಹತ್ತಿದ್ದು ನಾನಲ್ಲ."

"ನೀನೇ. ಸ್ಟೇರಿಂಗಿನಲ್ಲಿ ಇದ್ದದ್ದು ನೀನೇ ಅಲ್ವಾ?"

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಅವಳಿಗೆ ನೆನಪಾದದ್ದು ವಸುಮತಿಗೆ ತಾನು ಹೇಳಿಕೊಟ್ಟ ಪಾಠ. ಗೇರು ಹೀಗೆ ಇಳಿಸಬೇಕು, ಸದ್ದಿಗೆ ಹೀಗೆ ಕಿವಿಕೊಡಬೇಕು. ಅದರಲ್ಲಿ ಯಾವುದು ನಿಜ, ಯಾವುದು ಬಾಕ್ಸಿನದ್ದು? ಯೋಚಿಸಿದಷ್ಟೂ ಬೇರೆ ಮಾಡಲು ಆಗಲಿಲ್ಲ.

ಶೋರೂಮಿನಲ್ಲಿ ಹಾಕಿದ ಸಹಿಯ ವಿಷಯ ಮನಸ್ಸಿಗೆ ಬಂದದ್ದು ಮಾರನೆಯ ದಿನ, ಕೊಪ್ಪರಿಗೆ ತಿಕ್ಕುವಾಗ. ಬಂದದ್ದು ಮತ್ತೆ ಹೋಗಲಿಲ್ಲ. ಗಂಡನಿಗೆ ಹೇಳಿದಳು.

"ನೀನು ಸುಳ್ಳು ಹೇಳ್ಲಿಲ್ಲ. ನಿಂಗೆ ಗೊತ್ತೇ ಇರ್ಲಿಲ್ಲ" ಎಂದ ಕುಶಾಲಪ್ಪ.

"ಈಗ ಗೊತ್ತುಂಟಲ್ಲ."

"ಹೊಸ ಟರ್ಬೊ ಹಾಕಿ ಆಯ್ತು. ಆಶಿಕ್ ಹೇಳುದೇ ಅದರಿಂದ ಹೋದದ್ದಲ್ಲ ಅಂತ. ಹಾಗಿರುವಾಗ ನಾವು ಹೋಗಿ ಹೇಳುದು ಎಂತಕ್ಕೆ?"

ಅವಳು ಎರಡೂ ಕಡೆಯಿಂದ ಯೋಚಿಸಿದಳು. ಬಾಕ್ಸಿನಿಂದ ಹಾಳಾಗಿದ್ದರೆ ಹೇಳಬೇಕಾದ್ದು ಸರಿ. ಆಗಿಲ್ಲದಿದ್ದರೆ, ಹೇಳಿದ ತಪ್ಪಿಗೆ ತಮ್ಮದಲ್ಲದ ನಷ್ಟ ತಮ್ಮ ತಲೆಗೆ ಬರುತ್ತದೆ. ಯಾವುದೆಂದು ತಿಳಿದವರು ಯಾರೂ ಇಲ್ಲ. ಅದರ ಮೇಲೆ ದೀಕ್ಷಿತಾಳ ಮುಖ. ಎಲ್ಲರ ಎದುರು ಆ ಹುಡುಗಿಗೆ ಕೂಗಿ ಬಂದದ್ದು ತಾನು. ಸರಿಯಾದದ್ದನ್ನು ಕೇಳಿದವಳು ಅವಳೊಬ್ಬಳೇ. ಈಗ ಹೋಗಿ ನಿಜ ಹೇಳಿದರೆ ಅವಳಿಗೆ ಒಳ್ಳೆಯದಾಗುತ್ತದೋ ಕೆಟ್ಟದಾಗುತ್ತದೋ ಅದೂ ತಿಳಿಯದು.

ಎರಡು ವಾರ ಹೀಗೇ ಹೋಯಿತು. ಆ ದಿನಗಳಲ್ಲಿ ಅವಳು ಲೋಡನ್ನು ಅರ್ಧ ಮಾಡಿ ಎರಡು ಸಲ ಒಯ್ಯಲು ಶುರುಮಾಡಿದಳು. ಕೆಲವು ಏರು ಹತ್ತಿದಳು, ಕೆಲವು ಕಡೆ ನಿಂತಿತು. ಹತ್ತಿದಾಗ ಮೊದಲಿನ ಸಂತೋಷ ಬರಲಿಲ್ಲ, ನಿಂತಾಗ ಮೊದಲಿನ ನಾಚಿಕೆಯೂ ಬರಲಿಲ್ಲ. ಒಂದು ಬೆಳಿಗ್ಗೆ ತಿಂಡಿ ತಿನ್ನುತ್ತಿದ್ದಾಗ, "ಇವತ್ತು ಪುತ್ತೂರಿಗೆ ಹೋಗ್ತೇನೆ" ಎಂದಳು. ಕುಶಾಲಪ್ಪ ಎದ್ದು ಅಂಗಿ ಹಾಕಿಕೊಂಡ. ಬಟ್ಟೆಯ ಚೀಲ ಅವನ ಕೈಯಲ್ಲೇ ಇತ್ತು.

ಕುಮುದಿನಿ ದೀಕ್ಷಿತಾಳ ಮೇಜಿನ ಎದುರು ಕುಳಿತಳು. "ಆವತ್ತು ನಾನು ಕೂಗಬಾರದಿತ್ತು" ಎಂದಳು. ಕುಶಾಲಪ್ಪ ಬಾಕ್ಸನ್ನು ತೆಗೆದು ಮೇಜಿನ ಮೇಲಿಟ್ಟ. "ಇವಳಿಗೆ ಗೊತ್ತಿರ್ಲಿಲ್ಲ. ಹಾಕಿಸಿದ್ದು ನಾನು, ತೆಗೆದದ್ದೂ ನಾನು" ಎಂದ.

ದೀಕ್ಷಿತಾ ಬಾಕ್ಸನ್ನು ಮುಟ್ಟಲಿಲ್ಲ. ಅವಳಿಗೆ ಸಂತೋಷವಾದಂತೆ ಕಾಣಲಿಲ್ಲ.

"ಡೀಸೆಲ್ ಸೆನ್ಸರಿಗೆ ವಯರು ಸಿಕ್ಕಿಸುವ ಪ್ಲಗ್ಗಿನ ಮೇಲೆ ಯಾರೋ ಬಿಚ್ಚಿದ ಹಾಗೆ ಹೊಸ ಗೀರು ಇತ್ತು ಅಕ್ಕ" ಎಂದಳು ತಗ್ಗಿದ ದನಿಯಲ್ಲಿ. "ನಾನು ನೋಡಿದ್ದೆ. ಅದಕ್ಕೇ ಎರಡು ಸಲ ಕೇಳಿದ್ದು. ನಿಮ್ಮ ಮುಖ ನೋಡಿದ್ರೆ ಸುಳ್ಳು ಹೇಳುವವರ ಹಾಗೆ ಇರ್ಲಿಲ್ಲ. ಅದ್ರ ಫೋಟೊ ತೆಗೀಬೇಕಿತ್ತು, ತೆಗೀಲಿಲ್ಲ. ವರದಿಯಲ್ಲಿ ಬರೀಲೂ ಇಲ್ಲ."

"ಹಾಗಾದ್ರೆ ನಾವು ಹೇಳಿದ್ದರಿಂದ ನಿಂಗೆ ತೊಂದರೆಯಾ?"

"ಗೊತ್ತಿಲ್ಲ."

"ಬೇಡ ಅಂದ್ರೆ ನಾವು ಹೀಗೇ ಎದ್ದುಹೋಗ್ತೇವೆ" ಎಂದ ಕುಶಾಲಪ್ಪ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ದೀಕ್ಷಿತಾ ಈಗ ಬಾಕ್ಸನ್ನು ಕೈಗೆ ತೆಗೆದುಕೊಂಡಳು. ಮತ್ತೆ ಎದ್ದು ಮ್ಯಾನೇಜರರ ಕೋಣೆಗೆ ಹೋದಳು.

ಮುಂದಿನ ವಾರ ಮಂಗಳೂರಿನಿಂದ ಕಂಪನಿಯ ಇಂಜಿನಿಯರ್ ಬಂದ. ವಾರಂಟಿಯಲ್ಲಿ ಬದಲಿಸಿದ ಹಳೆಯ ಭಾಗಗಳನ್ನು ಶೋರೂಮಿನವರು ಎಸೆಯದೆ ಇಟ್ಟಿರುತ್ತಾರೆ. ಹಳೆಯ ಟರ್ಬೊವನ್ನು ಮೇಜಿನ ಮೇಲಿಟ್ಟು, ದೀಪ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಬಾಕ್ಸನ್ನು ಬಿಚ್ಚಿ ನೋಡಿದ. ಆಶಿಕ್ ಹೇಳಿದ್ದು ಸುಳ್ಳಾಗಿರಲಿಲ್ಲ. ಅದನ್ನು ತೀರ ಕಡಿಮೆಯಲ್ಲೇ ಇಟ್ಟಿದ್ದ.

"ಇದರಿಂದಲೇ ಹೋದದ್ದಾ ಸಾರ್?" ಎಂದು ಕುಮುದಿನಿ ಕೇಳಿದಳು. ಇಷ್ಟು ದಿನ ಕಾದದ್ದು ಆ ಒಂದು ಉತ್ತರಕ್ಕೆ.

ಇಂಜಿನಿಯರ್ ಕನ್ನಡಕ ತೆಗೆದ. "ಇದರಿಂದ ಹೋಗಿರಬಹುದು. ಇದಿಲ್ಲದಿದ್ರೂ ಹೋಗ್ತಿತ್ತೋ ಏನೋ. ಕೆಲವು ಟರ್ಬೊ ಹುಟ್ಟುವಾಗಲೇ ಸರಿ ಇರುದಿಲ್ಲ. ನೋಡಿ ಹೇಳ್ಲಿಕ್ಕೆ ಆಗುವಂಥದ್ದು ಈಗ ಇದರಲ್ಲಿ ಉಳೀಲಿಲ್ಲಮ್ಮ."

"ಮತ್ತೆ ನೀವು ಎಂತ ಬರೀತೀರಿ?"

"ಬಾಕ್ಸ್ ಇತ್ತು ಅಂತ ಬರೀತೇನೆ. ಅದು ಮಾತ್ರ ನಂಗೆ ಖಂಡಿತ ಗೊತ್ತಿರುದು."

ಇಪ್ಪತ್ತು ದಿನಕ್ಕೆ ಕಾಗದ ಬಂತು. ಟರ್ಬೊವಿನ ಖರ್ಚನ್ನು ಮಾಲೀಕರೇ ಕೊಡಬೇಕು. ಇಂಜಿನ್ನಿಗೆ ಇನ್ನು ಮುಂದೆ ವಾರಂಟಿ ಇರುವುದಿಲ್ಲ. ಉಳಿದ ಭಾಗಗಳಿಗೆ ಅವಧಿ ಮುಗಿಯುವವರೆಗೆ ಇರುತ್ತದೆ. ತಾವಾಗಿ ಬಂದು ತಿಳಿಸಿದ್ದರಿಂದ ಬೇರೆ ಕ್ರಮ ಇಲ್ಲ. ಕುಶಾಲಪ್ಪ ಅದನ್ನು ಎರಡು ಸಲ ಓದಿ, ಅಷ್ಟೇನೂ ಕೆಟ್ಟದಾಗಲಿಲ್ಲ ಎಂದ. ಕುಮುದಿನಿಗೆ ಹಾಗೂ ಅನಿಸಲಿಲ್ಲ, ಹೀಗೂ ಅನಿಸಲಿಲ್ಲ. ನಿಜ ಹೇಳಿದರೆ ಎದೆ ಹಗುರಾಗುತ್ತದೆ ಎಂದು ಅವಳು ಅಂದುಕೊಂಡಿದ್ದಳು.

ಹಣ ಕಟ್ಟಲು ಹೋದಾಗ ವಾರಂಟಿಯ ಮೇಜಿನಲ್ಲಿ ಬೇರೆ ಯಾರೋ ಇದ್ದರು. ದೀಕ್ಷಿತಾ ಒಳಗಿನ ಕೋಣೆಯಲ್ಲಿ, ಸರ್ವಿಸಿಗೆ ಗಾಡಿ ತರುವಂತೆ ಜನರಿಗೆ ಫೋನ್ ಮಾಡುವ ಕೆಲಸದಲ್ಲಿದ್ದಳು. ಪ್ಲಗ್ಗಿನ ಗೀರಿನ ವಿಷಯವನ್ನು ಅವಳೂ ಬರೆದುಕೊಟ್ಟಿದ್ದಳಂತೆ. ಎರಡು ತಿಂಗಳು ಇಲ್ಲಿರು ಎಂದಿದ್ದಾರೆ ಎಂದಳು.

ಮಧ್ಯಾಹ್ನ ಕುಮುದಿನಿ ಅವಳನ್ನು ಹತ್ತಿರದ ಹೋಟೆಲಿಗೆ ಕರೆದುಕೊಂಡು ಹೋದಳು. ಇಬ್ಬರಿಗೂ ಊಟ ಹೇಳಿದಳು.

"ನಾವು ಬಂದು ಹೇಳಿದ್ದು ತಪ್ಪಾಯ್ತಾ ದೀಕ್ಷಿತಾ?" ಎಂದು ಊಟ ಬಂದ ಮೇಲೆ ಕೇಳಿದಳು.

"ಮನೆಯಲ್ಲಿ ಅಮ್ಮ ನಿಮ್ಮನ್ನು ಚೆನ್ನಾಗಿ ಬೈದ್ರು" ಎಂದಳು ಹುಡುಗಿ. "ನಾನೂ ಮೊದಲಿನ ಎರಡು ದಿನ ಬೈದೆ, ಮನಸ್ಸಿನಲ್ಲಿ. ಮತ್ತೆ ನಂಗೆ ಅನ್ನಿಸಿತು, ನೀವು ಹೇಳದಿದ್ರೂ ಆ ಗೀರು ಇತ್ತಲ್ಲ. ತಪ್ಪಾ ಸರಿಯಾ ನಂಗೆ ಗೊತ್ತಿಲ್ಲ ಅಕ್ಕ. ನೀವು ಉಣ್ಣಿ, ಸಾರು ತಣೀತದೆ."

ಸಂಜೆ ಗಂಡಹೆಂಡತಿ ಕಾಣಿಯೂರಿಗೆ ಹಿಂದಿರುಗುತ್ತಿದ್ದರು. ಗಾಡಿ ಓಡಿಸುತ್ತಿದ್ದವಳು ಕುಮುದಿನಿ. ಕುಶಾಲಪ್ಪ ಕಿಟಕಿಯ ಆಚೆ ನೋಡುತ್ತಿದ್ದವನು, ಅವಳ ಕಡೆ ತಿರುಗದೆಯೇ ಕೇಳಿದ.

"ಒಂದು ಹೇಳು. ಡಿಸೆಂಬರಿನಲ್ಲಿ ನಾನು ಅದನ್ನು ಹಾಕಿಸದೆ ಇರ್ತಿದ್ರೆ, ಮತ್ತೆ ಎರಡು ಸಲ ಎಲ್ಲಾದ್ರೂ ನಿಲ್ತಿದ್ರೆ, ನೀನು ಓಡಿಸುದು ಬಿಟ್ಟೇಬಿಡ್ತಿದ್ದೆಯಾ?"

ಕುಮುದಿನಿ ಯೋಚಿಸಿದಳು. ಬಿಡುತ್ತಿದ್ದಳು ಎಂದರೆ ಅವನು ಮಾಡಿದ್ದು ಸರಿ ಎಂದಂತಾಗುತ್ತದೆ. ಬಿಡುತ್ತಿರಲಿಲ್ಲ ಎನ್ನಲು, ಆ ದಿನ ಕೀಲಿ ಎಸೆದ ಕೈ ತನ್ನದೇ.

"ಗೊತ್ತಿಲ್ಲ" ಎಂದಳು. "ಆದ್ರೆ ಇನ್ನು ಮುಂದೆ ನಂಗೆ ಧೈರ್ಯ ಬರಿಸ್ಲಿಕ್ಕೆ ಹೋಗುದಾದ್ರೆ, ಹೇಳಿ ಮಾಡಿ."

"ಆಯ್ತು" ಎಂದ ಕುಶಾಲಪ್ಪ. ಸ್ವಲ್ಪ ದೂರ ಹೋದ ಮೇಲೆ ನಾಳೆಯ ಲೋಡಿನ ವಿಷಯ ಎತ್ತಿದ. ಕುರ್ಚಿ ಮೊದಲು ಒಯ್ಯುವುದೋ ಪಾತ್ರೆ ಮೊದಲು ಒಯ್ಯುವುದೋ ಎಂದು ಇಬ್ಬರೂ ಮನೆ ಮುಟ್ಟುವವರೆಗೆ ಚರ್ಚೆ ಮಾಡಿದರು.